ಬ್ಯಾಡಗಿಯ ಶೈತ್ಯಾಗಾರ: ಧಾರಣೆ ಕುಸಿದ ವರ್ಷದ ಇಂಗಾಲದ ಲೆಕ್ಕ

ಆರ್ಥಿಕತೆ ಬೆಳೆದಾಗ ಇಂಗಾಲದ ಹೊರಸೂಸುವಿಕೆ ಏರುತ್ತದೆ, ಆರ್ಥಿಕತೆ ಕುಗ್ಗಿದಾಗ ಅದೂ ಇಳಿಯುತ್ತದೆ ಎಂಬುದು ಈ ವಿಷಯದಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ. ದೇಶದ ಮಟ್ಟದಲ್ಲಿ ಇದಕ್ಕೆ ಆಧಾರವೂ ಇದೆ. ಕೋವಿಡ್ ವರ್ಷವಾದ 2020ರಲ್ಲಿ ಭಾರತದ ಹಸಿರುಮನೆ ಅನಿಲಗಳ ಹೊರಸೂಸುವಿಕೆ ಹಿಂದಿನ ವರ್ಷಕ್ಕಿಂತ ಶೇ 7.93ರಷ್ಟು ಇಳಿಯಿತು ಎಂದು ಕೇಂದ್ರ ಸರ್ಕಾರವೇ ವಿಶ್ವಸಂಸ್ಥೆಗೆ ಸಲ್ಲಿಸಿದ ವರದಿಯಲ್ಲಿ ಹೇಳಿದೆ. ಅದೇ ಅವಧಿಯಲ್ಲಿ ಉತ್ಪಾದನೆಯೂ ಉದ್ಯೋಗವೂ ಕುಸಿದಿದ್ದವು. ಆದರೆ ಹಾವೇರಿ ಜಿಲ್ಲೆಯ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಶೇಖರಿಸುವ ಶೈತ್ಯಾಗಾರಗಳ ಲೆಕ್ಕವನ್ನು ಬಿಡಿಸಿ ನೋಡಿದರೆ ಈ ಪಾಠದ ಎರಡನೆಯ ಭಾಗ ಅಲ್ಲಿಗೆ ಹೊಂದುವುದಿಲ್ಲ. ಧಾರಣೆ ಬಿದ್ದು ಬೆಳೆಗಾರನ ಆದಾಯ ಕರಗಿದ ವರ್ಷದಲ್ಲೇ ಅಲ್ಲಿನ ಕೊಠಡಿಗಳು ಹೆಚ್ಚು ತಿಂಗಳು ಓಡುತ್ತವೆ, ಹೆಚ್ಚು ವಿದ್ಯುತ್ ಬಳಸುತ್ತವೆ. ಇದು ಏಕೆ ಹೀಗಾಗುತ್ತದೆ, ರೂಪಾಯಿಯನ್ನು ಅಳತೆಗೋಲು ಮಾಡಿಕೊಂಡು ಇಂಗಾಲವನ್ನು ಅಳೆದಾಗ ಏನು ಮರೆಯಾಗುತ್ತದೆ ಎಂಬುದು ಈ ಅಧ್ಯಯನದ ವಿಷಯ.

ಪೇಟೆ ಮತ್ತು ಬಣ್ಣ

ಬ್ಯಾಡಗಿ ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗದಲ್ಲಿರುವ ತಾಲ್ಲೂಕು ಕೇಂದ್ರ. ರಾಷ್ಟ್ರೀಯ ಹೆದ್ದಾರಿ 48 ಹತ್ತಿರದ ಮೋಟೆಬೆನ್ನೂರಿನ ಮೂಲಕ ಹಾದುಹೋಗುತ್ತದೆ. 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾಗುವುದಕ್ಕೆ ಬಹಳ ಮೊದಲೇ ಈ ಊರಿನ ಹೆಸರು ಮೆಣಸಿನಕಾಯಿಗೆ ಅಂಟಿಕೊಂಡಿತ್ತು. ಉದ್ದಕ್ಕೆ ಸುಕ್ಕುಸುಕ್ಕಾಗಿರುವ ಕಡ್ಡಿ, ಗಿಡ್ಡಗೆ ದುಂಡಗಿರುವ ಡಬ್ಬಿ ಎಂಬ ಎರಡು ಬಗೆಗಳಿಗೆ ಸೇರಿ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಈ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಮನೆಯ ಸಾರಿಗೂ ಖಾರದ ಪುಡಿಗೂ ಬೇಕಾಗುವಂತೆ ಇದು ಓಲಿಯೊರೆಸಿನ್ ತೆಗೆಯುವ ಕಾರ್ಖಾನೆಗಳಿಗೂ ಬೇಕು. ಅಲ್ಲಿಂದ ಹೊರಬರುವ ಕೆಂಪು ಸಾರವು ಆಹಾರ ಪದಾರ್ಥಗಳಿಗೂ ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಆದ್ದರಿಂದ ಇಲ್ಲಿನ ಖರೀದಿದಾರ ತೂಕದ ಜೊತೆಗೆ ಬಣ್ಣಕ್ಕೂ ಹಣ ಕೊಡುತ್ತಾನೆ.

ಬಣ್ಣವೆಂಬುದು ಬಹಳ ಬೇಗ ಕೆಡುವ ಸರಕು. ಮೆಣಸಿನಕಾಯಿಗೆ ಕೆಂಪು ಕೊಡುವ ಕ್ಯಾಪ್ಸಾಂಥಿನ್ ಮೊದಲಾದ ವರ್ಣಕಗಳು ಗಾಳಿ, ಬೆಳಕು, ಬಿಸಿ ಈ ಮೂರರಿಂದಲೂ ಒಡೆಯುತ್ತವೆ. ಗೋಣಿಚೀಲದಲ್ಲಿ ತುಂಬಿ ಸಾಮಾನ್ಯ ಗೋದಾಮಿನಲ್ಲಿಟ್ಟ ಕಾಯಿ ಬೇಸಿಗೆಯ ಬಿಸಿಗೆ ಮಂಕಾಗುತ್ತದೆ, ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ, ಹುಳು ಬೀಳುತ್ತದೆ. ಕೆಲವು ತಿಂಗಳ ಹಿಂದೆ ಕೆಂಪಗಿದ್ದ ಕಾಯಿ ಬಿಳಿಚಿಕೊಂಡು ಕೆಳದರ್ಜೆಗೆ ಇಳಿಯುತ್ತದೆ. ಸುಮಾರು 4ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ, ಬೆಳಕು ಬೀಳದ ಕೊಠಡಿಯಲ್ಲಿಟ್ಟರೆ ಈ ಕ್ಷಯ ಬಹಳಷ್ಟು ನಿಧಾನವಾಗುತ್ತದೆ. ಬ್ಯಾಡಗಿಯ ಸುತ್ತಮುತ್ತ ಹತ್ತಾರು ಕೋಲ್ಡ್ ಸ್ಟೋರೇಜುಗಳು ಎದ್ದು ನಿಂತದ್ದಕ್ಕೆ ಮೂಲ ಕಾರಣ ಇದೇ.

ಅವು ಎದ್ದ ಮೇಲೆ ಪೇಟೆಯ ಸ್ವರೂಪವೇ ಬದಲಾಯಿತು. ಮುಂಗಾರಿನಲ್ಲಿ ನೆಟ್ಟ ಬೆಳೆ ಡಿಸೆಂಬರಿನಿಂದ ಮಾರ್ಚಿನವರೆಗೆ ಕೈಗೆ ಬರುತ್ತದೆ. ಆ ತಿಂಗಳುಗಳಲ್ಲಿ ಸೋಮವಾರ, ಗುರುವಾರಗಳ ಸಂತೆಗೆ ಒಂದೇ ದಿನ ಲಕ್ಷಕ್ಕೂ ಮೀರಿ ಚೀಲಗಳ ಆವಕ ಆಗುವುದುಂಟು. ಹಿಂದೆ ಸುತ್ತಣ ತಾಲ್ಲೂಕುಗಳ ಸರಕೇ ಮುಖ್ಯವಾಗಿದ್ದ ಕಡೆಗೆ ಇಂದು ಬಳ್ಳಾರಿ, ರಾಯಚೂರು, ಕೊಪ್ಪಳದ ನೀರಾವರಿ ಹೊಲಗಳಿಂದಲೂ ಆಂಧ್ರಪ್ರದೇಶದಿಂದಲೂ ಲಾರಿಗಳು ಬರುತ್ತವೆ, ಏಕೆಂದರೆ ಮಾರಾಟವಾಗದೆ ಉಳಿದರೆ ಇಡಲು ಇಲ್ಲಿ ಜಾಗವಿದೆ. ದಲಾಲಿ ಅಂಗಡಿಗಳು, ಹಮಾಲರು, ತೊಟ್ಟು ಬಿಡಿಸುವ ಸಾವಿರಾರು ಮಹಿಳೆಯರು, ಖಾರದ ಪುಡಿಯ ಗಿರಣಿಗಳು, ಇಟ್ಟ ಸರಕಿನ ಮೇಲೆ ಸಾಲ ಕೊಡುವ ಬ್ಯಾಂಕುಗಳು ಎಲ್ಲವೂ ಸೇರಿದ ಈ ವಹಿವಾಟನ್ನು ಆರ್ಥಿಕ ಬೆಳವಣಿಗೆ ಎಂದು ಕರೆಯಲು ಯಾರಿಗೂ ಅನುಮಾನವಿರಲಾರದು. ಸುತ್ತಲಿನ ಒಣಭೂಮಿಯ ತಾಲ್ಲೂಕುಗಳಲ್ಲಿ ಇಷ್ಟು ಕೈಗಳಿಗೆ ಕೆಲಸ ಕೊಡುವ ಇನ್ನೊಂದು ಉದ್ಯಮವನ್ನು ಹುಡುಕುವುದು ಕಷ್ಟ. ಶೈತ್ಯಾಗಾರದ ವಿದ್ಯುತ್ತಿನ ಬಗ್ಗೆ ಮುಂದೆ ಬರೆಯುವುದನ್ನೆಲ್ಲ ಈ ಹಿನ್ನೆಲೆಯಲ್ಲೇ ಓದಬೇಕು.

ಒಂದು ಮಾದರಿ ಶೈತ್ಯಾಗಾರ

ಲೆಕ್ಕಕ್ಕಾಗಿ ಒಂದು ಶೈತ್ಯಾಗಾರವನ್ನು ಕಲ್ಪಿಸಿಕೊಳ್ಳೋಣ. ಅದರಲ್ಲಿ ತಲಾ 5,000 ಕ್ವಿಂಟಲ್ ಹಿಡಿಸುವ ನಾಲ್ಕು ಕೊಠಡಿಗಳಿವೆ. ಒಟ್ಟು ಸಾಮರ್ಥ್ಯ 20,000 ಕ್ವಿಂಟಲ್, ಅಂದರೆ 2,000 ಟನ್. ತುಂಬಿದ ಒಂದು ಕೊಠಡಿಯನ್ನು ಒಂದು ತಿಂಗಳು ತಂಪಾಗಿಡಲು 3,000 ಯೂನಿಟ್ ವಿದ್ಯುತ್ ಬೇಕು ಎಂದು ಇಟ್ಟುಕೊಂಡಿದ್ದೇನೆ. ಇದು ನಾನು ಆರಿಸಿಕೊಂಡ ಊಹೆ. ಯಾವುದೇ ನಿರ್ದಿಷ್ಟ ಕಟ್ಟಡದ ಬಿಲ್ಲಿನಿಂದ ತೆಗೆದದ್ದಲ್ಲ. ತಮ್ಮ ಕಟ್ಟಡದ ಹೆಸ್ಕಾಂ ಬಿಲ್ ಕೈಯಲ್ಲಿರುವವರು ಈ ಸಂಖ್ಯೆಯ ಜಾಗದಲ್ಲಿ ತಮ್ಮದನ್ನು ಇಟ್ಟು ಲೆಕ್ಕವನ್ನು ಮುಂದುವರಿಸಬಹುದು. ವಾದದ ದಿಕ್ಕು ಅದರಿಂದ ಬದಲಾಗುವುದಿಲ್ಲ.

ಈ ವಿದ್ಯುತ್ ಎಲ್ಲಿ ಖರ್ಚಾಗುತ್ತದೆ ಎಂಬುದು ಮುಖ್ಯ. ಆಲೂಗಡ್ಡೆ, ಹಣ್ಣು, ತರಕಾರಿಗಳು ಕೊಠಡಿಯೊಳಗೂ ಉಸಿರಾಡುತ್ತ ಬಿಸಿ ಬಿಡುತ್ತಲೇ ಇರುತ್ತವೆ. ಒಣ ಮೆಣಸಿನಕಾಯಿಯಲ್ಲಿ ಆ ಕ್ರಿಯೆ ಇಲ್ಲವೆನ್ನುವಷ್ಟು ಕಡಿಮೆ. ಒಳಗೆ ತಂದ ಚೀಲವನ್ನು ಮೊದಲ ಬಾರಿ ತಂಪು ಮಾಡಲು ಒಂದಿಷ್ಟು ವಿದ್ಯುತ್ ಬೇಕು. 30 ಡಿಗ್ರಿಯಿಂದ 6 ಡಿಗ್ರಿಗೆ ಇಳಿಸಲು ಟನ್ನಿಗೆ ನಾಲ್ಕೈದು ಯೂನಿಟ್ ಸಾಕು. ಅದಾದ ಮೇಲೆ ಯಂತ್ರದ ಕೆಲಸವೆಲ್ಲ ಗೋಡೆ, ಮಾಳಿಗೆ, ಬಾಗಿಲುಗಳ ಮೂಲಕ ಒಳನುಗ್ಗುವ ಬಿಸಿಯನ್ನು ಹೊರಗೆಸೆಯುವುದು. ಹೀಗಾಗಿ ಇಲ್ಲಿ ವಿದ್ಯುತ್ ಖರ್ಚು ಚೀಲಗಳ ಸಂಖ್ಯೆಯನ್ನು ಅನುಸರಿಸುವುದಕ್ಕಿಂತ ಹೆಚ್ಚಾಗಿ ಕೊಠಡಿಯನ್ನೂ ತಿಂಗಳನ್ನೂ ಅನುಸರಿಸುತ್ತದೆ. ತುಂಬಿದ ಕೊಠಡಿಯಲ್ಲಿ ಕ್ವಿಂಟಲಿಗೆ ತಿಂಗಳಿಗೆ 0.6 ಯೂನಿಟ್ ಬೀಳುತ್ತದೆ. ಅದೇ ಕೊಠಡಿಯಲ್ಲಿ ಕೇವಲ 500 ಕ್ವಿಂಟಲ್ ಉಳಿದಿದ್ದರೂ ಯಂತ್ರ ಹೆಚ್ಚುಕಡಿಮೆ ಅಷ್ಟೇ ಓಡಬೇಕು, ಆಗ ಕ್ವಿಂಟಲಿಗೆ ಬೀಳುವ ಪಾಲು 6 ಯೂನಿಟ್. ಕೊನೆಯ ಚೀಲ ಹೊರಬೀಳುವವರೆಗೂ ಕೊಠಡಿಯನ್ನು ಬಂದ್ ಮಾಡುವಂತಿಲ್ಲ.

ಯೂನಿಟ್ಟನ್ನು ಇಂಗಾಲಕ್ಕೆ ಪರಿವರ್ತಿಸಲು ಕೇಂದ್ರ ವಿದ್ಯುತ್ ಪ್ರಾಧಿಕಾರ ಪ್ರತಿವರ್ಷ ದೇಶದ ಜಾಲಕ್ಕೆ ಒಂದು ಸರಾಸರಿಯನ್ನು ಪ್ರಕಟಿಸುತ್ತದೆ. ಇತ್ತೀಚಿನ ವರ್ಷಗಳಲ್ಲಿ ಅದು ಯೂನಿಟ್ಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಗದಗಿನ ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳು ತಿರುಗುತ್ತಿರುವಾಗ, ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇರುವಾಗ, ಶರಾವತಿಯ ಜಲವಿದ್ಯುತ್ ಇರುವಾಗ ನಮ್ಮ ವಿದ್ಯುತ್ತಿಗೆ ದೇಶದ ಕಲ್ಲಿದ್ದಲಿನ ಕಪ್ಪು ಬಳಿಯುವುದು ಸರಿಯೇ ಎಂದು ಇಲ್ಲಿನವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ, ಆದರೆ ಇಡೀ ದೇಶದ ಜಾಲ ಒಂದಾಗಿರುವುದರಿಂದ ಕರ್ನಾಟಕ ಬಳಸದೆ ಉಳಿಸಿದ ಗಾಳಿವಿದ್ಯುತ್ ಬೇರೆ ರಾಜ್ಯದ ಕಲ್ಲಿದ್ದಲನ್ನು ಉಳಿಸುತ್ತದೆ. ಅದಲ್ಲದೆ, ಸೂರ್ಯ ಮುಳುಗಿದ ಮೇಲೆ ಬೇಡಿಕೆ ಏರಿದಾಗ ರಾಯಚೂರು, ಬಳ್ಳಾರಿಯ ಶಾಖೋತ್ಪನ್ನ ಘಟಕಗಳೇ ಭಾರ ಹೊರುತ್ತವೆ. ಹಾಗಾಗಿ 0.7ನ್ನೇ ಇಟ್ಟುಕೊಳ್ಳುತ್ತೇನೆ. ತುಂಬಿದ ಕೊಠಡಿಯಲ್ಲಿ ಒಂದು ಕ್ವಿಂಟಲ್ ಮೆಣಸಿನಕಾಯಿಯ ಒಂದು ತಿಂಗಳ ವಾಸಕ್ಕೆ 0.42 ಕಿಲೋ, ಹತ್ತು ತಿಂಗಳಿಗೆ 4.2 ಕಿಲೋ ಇಂಗಾಲದ ಡೈಆಕ್ಸೈಡ್ ಎಂದಾಯಿತು.

ಡೀಸೆಲ್ ಜನರೇಟರಿನ ಬಗ್ಗೆ ಒಂದು ಮಾತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.68 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ, ಮೂರರಿಂದ ಮೂರೂವರೆ ಯೂನಿಟ್ ವಿದ್ಯುತ್ ಸಿಗುತ್ತದೆ. ಅಂದರೆ ಯೂನಿಟ್ಟಿಗೆ 0.8 ಕಿಲೋ ಆಸುಪಾಸು. ಹೊಗೆ ಕಣ್ಣಿಗೆ ಕಾಣುವುದರಿಂದ ಜನರೇಟರನ್ನು ದೂರುವುದು ಸುಲಭ. ಆದರೆ ತಂತಿಯಲ್ಲಿ ಸದ್ದಿಲ್ಲದೆ ಬರುವ ವಿದ್ಯುತ್ತೂ ಇಂಗಾಲದ ಲೆಕ್ಕದಲ್ಲಿ ಅದಕ್ಕಿಂತ ಬಹಳ ಹಗುರವೇನಲ್ಲ. ಇನ್ನು ತಂಪು ಮಾಡುವ ಅನಿಲದ ವಿಚಾರ: ದೊಡ್ಡ ಶೈತ್ಯಾಗಾರಗಳಲ್ಲಿ ಸಾಮಾನ್ಯವಾಗಿ ಬಳಸುವ ಅಮೋನಿಯಾ ಸೋರಿದರೆ ಮನುಷ್ಯರಿಗೆ ಅಪಾಯಕಾರಿ, ಆದರೆ ಅದರಿಂದ ಭೂಮಿಯ ತಾಪ ಏರುವುದಿಲ್ಲ. ಸಣ್ಣ ಶೀತಲ ಕೊಠಡಿಗಳಲ್ಲಿ ಕಾಣುವ ಆರ್-404ಎ ಎಂಬ ಅನಿಲ ಮಾತ್ರ ಕಿಲೋಗೆ ಕಿಲೋ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು ಬಿಸಿ ಹಿಡಿಯುತ್ತದೆ.

ಒಳ್ಳೆಯ ವರ್ಷ, ಕೆಟ್ಟ ವರ್ಷ

ಒಳ್ಳೆಯ ಧಾರಣೆಯ ವರ್ಷದಲ್ಲಿ ನಮ್ಮ ಮಾದರಿ ಶೈತ್ಯಾಗಾರ ಮಾರ್ಚಿನಲ್ಲಿ ತುಂಬುತ್ತದೆ. ಬೇಡಿಕೆ ಇರುವುದರಿಂದ ಸರಕು ಕ್ರಮವಾಗಿ ಹೊರಡುತ್ತದೆ. ಎರಡೂವರೆ ತಿಂಗಳಿಗೆ ಒಂದರಂತೆ ಕೊಠಡಿಗಳು ಖಾಲಿಯಾಗುತ್ತವೆ ಎಂದುಕೊಳ್ಳೋಣ. ಮೊದಲ ಕೊಠಡಿ ಎರಡೂವರೆ ತಿಂಗಳು, ಎರಡನೆಯದು ಐದು, ಮೂರನೆಯದು ಏಳೂವರೆ, ಕೊನೆಯದು ಹತ್ತು ತಿಂಗಳು ಓಡಿದರೆ ಒಟ್ಟು 25 ಕೊಠಡಿ-ತಿಂಗಳು. 75,000 ಯೂನಿಟ್ ಖರ್ಚಾಗಿ 52.5 ಟನ್ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಕೆಟ್ಟ ವರ್ಷದ ಚಿತ್ರ ಬೇರೆ. ಹಿಂದಿನ ಹಂಗಾಮಿನಲ್ಲಿ ಒಳ್ಳೆಯ ಬೆಲೆ ಕಂಡ ಬೆಳೆಗಾರರು ಹೆಚ್ಚು ಎಕರೆಗೆ ಮೆಣಸಿನಕಾಯಿ ಹಾಕಿರುತ್ತಾರೆ, ಆವಕ ಉಕ್ಕುತ್ತದೆ, ಧಾರಣೆ ಜಾರುತ್ತದೆ. 2024ರ ಮಾರ್ಚ್ 11ರ ಸೋಮವಾರ ಬ್ಯಾಡಗಿಯಲ್ಲಿ ಹೀಗೆಯೇ ಆಯಿತು. ಬೆಲೆ ಏಕಾಏಕಿ ಕುಸಿಯಿತೆಂದು ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಆ ದಿನದ ಹಿಂಸೆಯನ್ನು ಸಮರ್ಥಿಸುವಂತಿಲ್ಲ. ಆದರೆ ವರ್ಷವಿಡೀ ಸಾಲ ಮಾಡಿ ಬೆಳೆದು, ಮಾರುವ ದಿನ ಅರ್ಧ ಬೆಲೆ ಕೇಳಿಸಿಕೊಂಡವರ ಸಂಕಟ ಸುಳ್ಳಾಗಿರಲಿಲ್ಲ. ಅಂಥ ವರ್ಷ ಮಾರಲು ಮನಸ್ಸಿಲ್ಲದವರು, ಮಾರಲು ಆಗದವರು ಚೀಲವನ್ನು ಕೋಲ್ಡ್ ಸ್ಟೋರೇಜಿಗೆ ಹಾಕುತ್ತಾರೆ. ದಸರೆಗೆ ಏರಬಹುದು, ದೀಪಾವಳಿಗೆ ಏರಬಹುದು ಎಂದು ಕಾಯುತ್ತಾರೆ. ಏರದಿದ್ದರೆ ಹೊಸ ಫಸಲು ಬರುವಾಗಲೂ ಹಳೆಯ ಚೀಲ ಒಳಗೇ ಇರುತ್ತದೆ. ನಾಲ್ಕೂ ಕೊಠಡಿಗಳು ಹನ್ನೆರಡು ತಿಂಗಳು ಓಡಿದರೆ 48 ಕೊಠಡಿ-ತಿಂಗಳು, 1,44,000 ಯೂನಿಟ್, ಸುಮಾರು 101 ಟನ್ ಇಂಗಾಲದ ಡೈಆಕ್ಸೈಡ್. ಆದಾಯ ಕುಸಿದ ವರ್ಷದಲ್ಲಿ ಹೊರಸೂಸುವಿಕೆ ಹತ್ತಿರಹತ್ತಿರ ಎರಡು ಪಟ್ಟಾಯಿತು.

ಕಾರ್ಖಾನೆಗಳಲ್ಲಿ ಇದು ಹೀಗಾಗುವುದಿಲ್ಲ. ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಘಟಕಕ್ಕೆ ಬೇಡಿಕೆ ತಗ್ಗಿದರೆ ಮಾಲೀಕರು ಒಂದು ಪಾಳಿಯನ್ನು ನಿಲ್ಲಿಸುತ್ತಾರೆ, ಕುಲುಮೆ ಆರುತ್ತದೆ, ವಿದ್ಯುತ್ ಬಿಲ್ ಇಳಿಯುತ್ತದೆ. ಶೈತ್ಯಾಗಾರ ಮಾರುವುದು ಕಾಲವನ್ನು. ಪೇಟೆ ಕೆಟ್ಟಾಗಲೇ ಕಾಯುವ ಕಾಲಕ್ಕೆ ಬೇಡಿಕೆ ಹೆಚ್ಚು. ಬೆಳವಣಿಗೆ ಮತ್ತು ಇಂಗಾಲದ ಸಂಬಂಧವನ್ನು ಕುರಿತ ಬಹುಪಾಲು ಚರ್ಚೆ ಕಾರ್ಖಾನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಡೆಯುವುದರಿಂದ ಈ ವ್ಯತ್ಯಾಸ ಗಮನಕ್ಕೆ ಬರುವುದಿಲ್ಲ.

ರೂಪಾಯಿಗೆ ಇಷ್ಟು ಎಂಬ ಅಳತೆ

ಭಾರತ ತನ್ನ ಹವಾಮಾನ ವಾಗ್ದಾನವನ್ನು ಒಟ್ಟು ಹೊರಸೂಸುವಿಕೆಯ ಲೆಕ್ಕದಲ್ಲಿ ಕೊಟ್ಟಿಲ್ಲ. ಒಟ್ಟು ದೇಶೀಯ ಉತ್ಪನ್ನದ ಪ್ರತಿ ಘಟಕಕ್ಕೆ ಎಷ್ಟು ಹೊರಸೂಸುವಿಕೆ ಎಂಬ ತೀವ್ರತೆಯನ್ನು 2005ರ ಮಟ್ಟಕ್ಕಿಂತ 2030ರ ವೇಳೆಗೆ ಶೇ 45ರಷ್ಟು ತಗ್ಗಿಸುವುದು ಅದರ ಗುರಿ. 2020ರ ವೇಳೆಗೆ ಶೇ 36ರಷ್ಟು ಇಳಿಕೆ ಆಗಿದೆ. ಇನ್ನೂ ಬಡತನ ನೀಗಬೇಕಾದ ದೇಶಕ್ಕೆ ಈ ಅಳತೆ ಯುಕ್ತವೆಂದೇ ನಾನು ನಂಬುತ್ತೇನೆ. ಮನೆಗೆ ಮೊದಲ ಫ್ಯಾನ್, ಹೊಲಕ್ಕೆ ಮೊದಲ ಪಂಪ್‌ಸೆಟ್ ಬರಬೇಕಾದ ಕಡೆ ಒಟ್ಟು ಪ್ರಮಾಣಕ್ಕೆ ಈಗಲೇ ಮಿತಿ ಹಾಕುವುದು ಅನ್ಯಾಯ. ಆದರೆ ದೇಶಕ್ಕೆ ಸಲ್ಲುವ ಅಳತೆ ಒಂದು ಪೇಟೆಗೆ ಸಲ್ಲುತ್ತದೆಯೇ ಎಂಬುದನ್ನು ಪರೀಕ್ಷಿಸಬೇಕು.

ಒಳ್ಳೆಯ ವರ್ಷದಲ್ಲಿ ಕ್ವಿಂಟಲಿಗೆ 30,000 ರೂಪಾಯಿ, ಕೆಟ್ಟ ವರ್ಷದಲ್ಲಿ 12,000 ರೂಪಾಯಿ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. 20,000 ಕ್ವಿಂಟಲಿನ ಬೆಲೆ ಮೊದಲನೆಯದರಲ್ಲಿ 60 ಕೋಟಿ, ಎರಡನೆಯದರಲ್ಲಿ 24 ಕೋಟಿ. ಒಂದು ಲಕ್ಷ ರೂಪಾಯಿಯ ಸರಕಿಗೆ ಶೈತ್ಯಾಗಾರದ ಇಂಗಾಲ ಒಳ್ಳೆಯ ವರ್ಷದಲ್ಲಿ ಸುಮಾರು 9 ಕಿಲೋ, ಕೆಟ್ಟ ವರ್ಷದಲ್ಲಿ 42 ಕಿಲೋ. ಹತ್ತಿರಹತ್ತಿರ ಐದು ಪಟ್ಟು. ಈ ಅಂಕಿಯನ್ನು ಮಾತ್ರ ನೋಡಿದ ಅಧಿಕಾರಿಯೊಬ್ಬರು ಶೈತ್ಯಾಗಾರದ ಯಂತ್ರ ಹಾಳಾಗಿದೆ, ಗೋಡೆಯ ನಿರೋಧಕ ಸವೆದಿದೆ ಎಂದು ತೀರ್ಮಾನಿಸಿಬಿಡಬಹುದು. ಅದೇ ಕಂಪ್ರೆಸರ್, ಅದೇ ಗೋಡೆ, ಅದೇ ಆಪರೇಟರ್. ಐದು ಪಟ್ಟಿನಲ್ಲಿ ಎರಡೂವರೆ ಪಟ್ಟು ಬಂದದ್ದು ಬೆಲೆ ಕುಸಿತದಿಂದ, ಉಳಿದದ್ದು ಕಾಯುವ ತಿಂಗಳುಗಳಿಂದ. ಹಾಗೆಯೇ ಮುಂದಿನ ವರ್ಷ ಧಾರಣೆ ಏರಿ ಈ ಅಂಕಿ ಸುಧಾರಿಸಿದರೆ, ಯಾರೂ ಒಂದು ಬೋಲ್ಟನ್ನೂ ಬಿಗಿಗೊಳಿಸದಿದ್ದರೂ, ಹಸಿರು ಸಾಧನೆ ಎಂದು ಹೇಳಿಕೊಳ್ಳಬಹುದು.

ರಾಷ್ಟ್ರೀಯ ಲೆಕ್ಕದಲ್ಲಿ ಈ ತೊಡಕನ್ನು ನಿವಾರಿಸಲು ಸ್ಥಿರ ಬೆಲೆಗಳನ್ನು ಬಳಸುತ್ತಾರೆ, ಮಾರಾಟದ ಮೊತ್ತದ ಬದಲು ಪ್ರತಿ ಹಂತದಲ್ಲಿ ಸೇರಿದ ಮೌಲ್ಯವನ್ನಷ್ಟೇ ಎಣಿಸುತ್ತಾರೆ. ಅದು ಸರಿಯಾದ ಕ್ರಮವೇ. ಆದರೆ ಆ ಕ್ರಮದಲ್ಲಿ ಇನ್ನೊಂದು ವಿಚಿತ್ರ ಹುಟ್ಟುತ್ತದೆ. ಕೆಟ್ಟ ವರ್ಷದಲ್ಲಿ ಕೊಠಡಿಗಳು ಹೆಚ್ಚು ಕಾಲ ತುಂಬಿರುವುದರಿಂದ ಶೇಖರಣಾ ಸೇವೆಯ ಉತ್ಪನ್ನ ಏರಿದಂತೆ ದಾಖಲಾಗುತ್ತದೆ. ವಿದ್ಯುತ್ ಬಳಕೆಯೂ ಏರಿದೆ, ಇಂಗಾಲವೂ ಏರಿದೆ. ಬೆಳವಣಿಗೆಯ ಜೊತೆ ಇಂಗಾಲ ಏರುವುದು ಸಹಜ ಎಂಬ ಪಾಠಕ್ಕೆ ಎಲ್ಲವೂ ಹೊಂದಿಕೊಂಡು ಕೂತಂತೆ ಕಾಣುತ್ತದೆ. ಬೆಳೆಗಾರನ ವಹಿಯನ್ನು ತೆರೆದರೆ ಮಾತ್ರ ಬೆಳವಣಿಗೆ ಅವನದಾಗಿರಲಿಲ್ಲ ಎಂಬುದು ಗೊತ್ತಾಗುತ್ತದೆ. ಕಾದದ್ದರಿಂದ ಅವನಿಗೆ ಕ್ವಿಂಟಲಿಗೆ 2,000 ರೂಪಾಯಿ ಹೆಚ್ಚು ಸಿಕ್ಕಿದ್ದರೆ, ಹತ್ತು ತಿಂಗಳ 4.2 ಕಿಲೋ ಇಂಗಾಲ ಆ ಲಾಭಕ್ಕೆ ಹೋಲಿಸಿದರೆ ಅಲ್ಪವೇ. ಕಾದರೂ ಬೆಲೆ ಏರದೆ ಬಾಡಿಗೆಯೂ ಬಡ್ಡಿಯೂ ಮೈಮೇಲೆ ಬಂದಿದ್ದರೆ, ಯಾವ ರೂಪಾಯಿಗೆ ಆ ಇಂಗಾಲವನ್ನು ಭಾಗಿಸುವುದು? ಲಾಭ ಸೊನ್ನೆಯಾದಾಗ, ಇಲ್ಲವೇ ನಷ್ಟವೇ ಆದಾಗ, ಭಾಗಾಕಾರಕ್ಕೆ ಅರ್ಥವೇ ಉಳಿಯುವುದಿಲ್ಲ.

ಜಪಾನಿನ ಯೋಯಿಚಿ ಕಾಯಾ ರೂಪಿಸಿದ ಒಂದು ಸಮೀಕರಣ ಈ ಕ್ಷೇತ್ರದಲ್ಲಿ ಪ್ರಸಿದ್ಧವಾಗಿದೆ. ಒಟ್ಟು ಹೊರಸೂಸುವಿಕೆಯನ್ನು ಜನಸಂಖ್ಯೆ, ತಲಾ ಉತ್ಪನ್ನ, ಉತ್ಪನ್ನದ ಘಟಕಕ್ಕೆ ಬೇಕಾದ ಶಕ್ತಿ, ಶಕ್ತಿಯ ಘಟಕಕ್ಕೆ ಹೊರಬೀಳುವ ಇಂಗಾಲ ಎಂಬ ನಾಲ್ಕು ಅಂಶಗಳ ಗುಣಲಬ್ಧವಾಗಿ ಅದು ಬಿಡಿಸಿ ತೋರಿಸುತ್ತದೆ. ಬ್ಯಾಡಗಿಯ ಮಟ್ಟಕ್ಕೆ ಇಳಿಸುವಾಗ ನಾನು ಅದರಿಂದ ರೂಪಾಯಿಯನ್ನು ತೆಗೆದುಹಾಕುತ್ತೇನೆ: ಓಡುವ ಕೊಠಡಿಗಳ ಸಂಖ್ಯೆ, ಪ್ರತಿ ಕೊಠಡಿ ಓಡುವ ತಿಂಗಳು, ತಿಂಗಳಿಗೆ ಬೇಕಾದ ಯೂನಿಟ್, ಯೂನಿಟ್ಟಿನ ಇಂಗಾಲ. ಮೊದಲನೆಯದನ್ನು ನಿರ್ಧರಿಸುವುದು ಹೂಡಿಕೆ, ಎರಡನೆಯದನ್ನು ಪೇಟೆ, ಮೂರನೆಯದನ್ನು ಕಟ್ಟಡ, ನಾಲ್ಕನೆಯದನ್ನು ವಿದ್ಯುತ್ ಜಾಲ. ಯಾರು ಏನನ್ನು ಬದಲಿಸಬಲ್ಲರು ಎಂಬುದು ಈ ರೂಪದಲ್ಲಿ ಸ್ಪಷ್ಟವಾಗುತ್ತದೆ.

ಮೊದಲ ಅಂಶದ ಬಗ್ಗೆ ಒಂದು ಎಚ್ಚರಿಕೆ ಬೇಕು. ಉಗಿಯಂತ್ರಗಳು ಸುಧಾರಿಸಿದಂತೆ ಕಲ್ಲಿದ್ದಲಿನ ಬಳಕೆ ತಗ್ಗುವ ಬದಲು ಏರುತ್ತದೆ ಎಂದು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸ್ 1865ರಲ್ಲೇ ತೋರಿಸಿದ್ದರು. ಶೈತ್ಯಾಗಾರ ಅಗ್ಗವಾಗಿ ಓಡುವಂತಾದರೆ ಇನ್ನಷ್ಟು ಶೈತ್ಯಾಗಾರಗಳು ಏಳುತ್ತವೆ, ಇನ್ನಷ್ಟು ದೂರದ ಸರಕು ಇಲ್ಲಿಗೆ ಬರುತ್ತದೆ. ಮೂರನೆಯ ಅಂಶದಲ್ಲಿ ಉಳಿಸಿದ್ದನ್ನು ಮೊದಲನೆಯದು ತಿಂದುಹಾಕಬಹುದು.

ಗೋಡೆಯ ಹೊರಗಿನ ಇಂಗಾಲ

ಇಷ್ಟು ಹೇಳಿದ ಮೇಲೆ ಶೈತ್ಯಾಗಾರವೇ ಮೆಣಸಿನಕಾಯಿಯ ಇಂಗಾಲದ ಮುಖ್ಯ ಮೂಲ ಎಂಬ ಭಾವನೆ ಬಂದಿದ್ದರೆ ಅದನ್ನು ತಿದ್ದಬೇಕು. ಬಳ್ಳಾರಿ ಕಡೆಯಿಂದ 200 ಕಿಲೋಮೀಟರ್ ದೂರ 10 ಟನ್ ಸರಕು ಹೊತ್ತು ಬರುವ ಲಾರಿ ಲೀಟರಿಗೆ ನಾಲ್ಕು ಕಿಲೋಮೀಟರ್ ಓಡಿದರೆ 50 ಲೀಟರ್ ಡೀಸೆಲ್ ಸುಡುತ್ತದೆ, ಕ್ವಿಂಟಲಿಗೆ 1.3 ಕಿಲೋ ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಅಂದರೆ ಆ ಒಂದು ಪ್ರಯಾಣ ಕೊಠಡಿಯ ಮೂರು ತಿಂಗಳ ವಾಸಕ್ಕೆ ಸಮ.

ಹೊಲದ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು. ಮಣ್ಣಿಗೆ ಹಾಕಿದ ಸಾರಜನಕದಲ್ಲಿ ಸರಾಸರಿ ಶೇ 1ರಷ್ಟು ನೈಟ್ರಸ್ ಆಕ್ಸೈಡ್ ಆಗಿ ಗಾಳಿಗೆ ಸೇರುತ್ತದೆ ಎಂಬುದು ವಿಶ್ವಸಂಸ್ಥೆಯ ಹವಾಮಾನ ತಜ್ಞರ ಸಮಿತಿಯಾದ ಐಪಿಸಿಸಿ ಬಳಸುವ ಸಾಮಾನ್ಯ ಪ್ರಮಾಣ. ಆಮ್ಲಜನಕವೂ ಸೇರುವುದರಿಂದ ಒಂದು ಕಿಲೋ ಸಾರಜನಕ ಸುಮಾರು 1.57 ಕಿಲೋ ನೈಟ್ರಸ್ ಆಕ್ಸೈಡ್ ಆಗುತ್ತದೆ. ಆ ಅನಿಲ ಇಂಗಾಲದ ಡೈಆಕ್ಸೈಡಿಗಿಂತ 273 ಪಟ್ಟು ಬಿಸಿ ಹಿಡಿಯುತ್ತದೆ. ಹೆಕ್ಟೇರಿಗೆ 100 ಕಿಲೋ ಸಾರಜನಕ, ಅಂದರೆ ಐದು ಚೀಲಕ್ಕೆ ತುಸು ಕಡಿಮೆ ಯೂರಿಯಾ, ಹಾಕಿ 10 ಕ್ವಿಂಟಲ್ ಒಣ ಕಾಯಿ ಬೆಳೆದರೆ ಸುಮಾರು 430 ಕಿಲೋ ಇಂಗಾಲದ ಡೈಆಕ್ಸೈಡಿಗೆ ಸಮನಾದ ಅನಿಲ ಹೊಲದಿಂದಲೇ ಹೊರಬರುತ್ತದೆ. ಕ್ವಿಂಟಲಿಗೆ 43 ಕಿಲೋ. ಯೂರಿಯಾ ಕಾರ್ಖಾನೆಯಲ್ಲಿ ಉರಿದ ಅನಿಲ ಇದರಲ್ಲಿ ಸೇರಿಲ್ಲ. ಶೈತ್ಯಾಗಾರದ ಹತ್ತು ತಿಂಗಳಿನ ಹತ್ತು ಪಟ್ಟು ಇಂಗಾಲ ಚೀಲ ತುಂಬುವ ಮೊದಲೇ ಖರ್ಚಾಗಿರುತ್ತದೆ.

ಈ ಅಂಕಿ ಶೈತ್ಯಾಗಾರದ ಪರವಾಗಿ ಮಾತನಾಡುತ್ತದೆ ಎಂಬುದನ್ನು ಗಮನಿಸಬೇಕು. ತಂಪಿನಲ್ಲಿಟ್ಟದ್ದರಿಂದ ನೂರರಲ್ಲಿ ಹತ್ತು ಕಿಲೋ ಕಾಯಿ ಬೂಷ್ಟು, ಹುಳುಗಳಿಂದ ಉಳಿದರೆ, ಆ ಹತ್ತು ಕಿಲೋ ಬೆಳೆಯಲು ಹೊಲದಲ್ಲಿ ಖರ್ಚಾಗಿದ್ದ 4.3 ಕಿಲೋ ಇಂಗಾಲ ವ್ಯರ್ಥವಾಗಲಿಲ್ಲ. ಹತ್ತು ತಿಂಗಳ ತಂಪಿನ ಖರ್ಚು 4.2 ಕಿಲೋ. ಎರಡೂ ಸರಿಸುಮಾರು ತೂಗುತ್ತವೆ. ಐದು ತಿಂಗಳೇ ಇಟ್ಟಿದ್ದರೆ ನೂರಕ್ಕೆ ಐದು ಕಿಲೋ ಉಳಿದರೂ ಸಾಕು. ಮಳೆಗಾಲವನ್ನು ದಾಟಿಸುವ ಶೈತ್ಯಾಗಾರ ಹವಾಮಾನದ ದೃಷ್ಟಿಯಿಂದಲೂ ತನ್ನ ಬಾಡಿಗೆಯನ್ನು ತಾನೇ ತೀರಿಸಿಕೊಳ್ಳಬಲ್ಲದು. ಮಳೆಗಾಲ ಕಳೆದ ಮೇಲೂ ಬೆಲೆಯ ನಿರೀಕ್ಷೆಯಲ್ಲೇ ಉಳಿಯುವ ಪ್ರತಿ ತಿಂಗಳೂ ಆ ತೂಕವನ್ನು ಇನ್ನೊಂದು ಕಡೆಗೆ ವಾಲಿಸುತ್ತ ಹೋಗುತ್ತದೆ. ಅರೆಖಾಲಿ ಕೊಠಡಿಯಾದರಂತೂ ಬಹಳ ಬೇಗ ವಾಲಿಸುತ್ತದೆ: ಹತ್ತರಲ್ಲಿ ಒಂದು ಪಾಲು ಮಾತ್ರ ಉಳಿದ ಕೊಠಡಿಯಲ್ಲಿ ಕ್ವಿಂಟಲಿಗೆ ಒಂದೇ ತಿಂಗಳಲ್ಲಿ 4.2 ಕಿಲೋ.

ಏನನ್ನು ಬದಲಿಸಬಹುದು

ಅತ್ಯಂತ ಅಗ್ಗದ ಸುಧಾರಣೆ ಚೀಲಗಳನ್ನು ಒಂದೆಡೆ ಸೇರಿಸುವುದು. ಒಳ್ಳೆಯ ವರ್ಷದಲ್ಲಿ ಕೊಠಡಿಗಳು ಒಂದೊಂದಾಗಿ ಖಾಲಿಯಾಗುತ್ತವೆ ಎಂದು ಮೇಲೆ ಹೇಳಿದೆ. ಅದು ತಾನಾಗಿ ಆಗುವುದಲ್ಲ. ನಾಲ್ಕೂ ಕೊಠಡಿಗಳಿಂದ ಸ್ವಲ್ಪಸ್ವಲ್ಪ ಸರಕು ಹೊರಬಿದ್ದರೆ ನಾಲ್ಕೂ ಹತ್ತು ತಿಂಗಳು ಓಡಿ 40 ಕೊಠಡಿ-ತಿಂಗಳಾಗುತ್ತದೆ. ಉಳಿದ ಚೀಲಗಳನ್ನು ಒಟ್ಟುಗೂಡಿಸಿ ಖಾಲಿ ಕೊಠಡಿ ಬಂದ್ ಮಾಡುತ್ತ ಹೋದರೆ 25. ವ್ಯತ್ಯಾಸ 45,000 ಯೂನಿಟ್, 31.5 ಟನ್ ಇಂಗಾಲದ ಡೈಆಕ್ಸೈಡ್. ಇದಕ್ಕೆ ಬೇಕಾಗುವುದು ಹಮಾಲಿ ಖರ್ಚು, ಪ್ರತಿ ಲಾಟಿನ ಗುರುತು ತಪ್ಪದಂತೆ ನೋಡಿಕೊಳ್ಳುವ ವಹಿ, ಚೀಲ ಸ್ಥಳಾಂತರಿಸಲು ಇಟ್ಟವರ ಒಪ್ಪಿಗೆ.

ಸೌರಫಲಕ ಇನ್ನೊಂದು ದಾರಿ. ನಮ್ಮ ಮಾದರಿ ಕಟ್ಟಡದ ಮಾಳಿಗೆ ಸುಮಾರು 700 ಚದರ ಮೀಟರ್ ಇದ್ದು ಅಲ್ಲಿ 60 ಕಿಲೋವ್ಯಾಟ್ ಕೂರಿಸಿದರೆ ಈ ಭಾಗದ ಬಿಸಿಲಿಗೆ ವರ್ಷಕ್ಕೆ ಅಂದಾಜು 87,000 ಯೂನಿಟ್ ಬರುತ್ತದೆ. ಒಳ್ಳೆಯ ವರ್ಷದ ಬಳಕೆಗೆ ಅದು ಸಾಕಾಗಿ ಮಿಗುತ್ತದೆ, ಕೆಟ್ಟ ವರ್ಷದ ಬಳಕೆಯಲ್ಲಿ ಶೇ 60ನ್ನು ತುಂಬುತ್ತದೆ. ಫಲಕಗಳ ನೆರಳು ಮಾಳಿಗೆಯ ಬಿಸಿಯನ್ನು ತಗ್ಗಿಸುವುದು ಹೆಚ್ಚುವರಿ ಲಾಭ. ಶೈತ್ಯಾಗಾರಕ್ಕೆ ಬೇರೆ ಉದ್ಯಮಗಳಿಗಿಲ್ಲದ ಒಂದು ಅನುಕೂಲವೂ ಇದೆ. ತುಂಬಿದ ಕೊಠಡಿ ತಾನೇ ತಂಪಿನ ಭಂಡಾರ. ಹಗಲಿನ ಬಿಸಿಲಿನಲ್ಲಿ ಕಂಪ್ರೆಸರ್ ಓಡಿಸಿ 4 ಡಿಗ್ರಿಗೆ ಇಳಿಸಿಕೊಂಡು, ಕಲ್ಲಿದ್ದಲಿನ ಪಾಲು ಹೆಚ್ಚಿರುವ ಸಂಜೆ-ರಾತ್ರಿಯಲ್ಲಿ ಯಂತ್ರ ನಿಲ್ಲಿಸಿ ಒಂದೆರಡು ಡಿಗ್ರಿ ಏರಲು ಬಿಟ್ಟರೆ ಒಣ ಕಾಯಿಗೆ ತೊಂದರೆಯಿಲ್ಲ. ಹಸಿ ತರಕಾರಿಯ ವಿಷಯದಲ್ಲಿ ಇಷ್ಟು ಸಲಿಗೆ ಸಿಗುವುದಿಲ್ಲ. ತೇವ ಮಾತ್ರ ಏರದಂತೆ ಬಾಗಿಲುಗಳನ್ನು ಬಿಗಿಯಾಗಿಡಬೇಕು. 2020ರಲ್ಲಿ ಆರಂಭವಾದ ಕೃಷಿ ಮೂಲಸೌಕರ್ಯ ನಿಧಿಯಡಿ ಇಂಥ ಹೂಡಿಕೆಗೆ 2 ಕೋಟಿ ರೂಪಾಯಿವರೆಗಿನ ಸಾಲಕ್ಕೆ ಶೇ 3ರಷ್ಟು ಬಡ್ಡಿ ರಿಯಾಯಿತಿ ಸಿಗುತ್ತದೆ.

ಕಟ್ಟಡಕ್ಕೂ ಜಾಲಕ್ಕೂ ಸಂಬಂಧಿಸಿದ ಈ ಎರಡು ಪರಿಹಾರಗಳು ಮಾಲೀಕರ ಕೈಯಲ್ಲಿವೆ. ಕಾಯುವ ತಿಂಗಳುಗಳ ಪ್ರಶ್ನೆ ಹಾಗಲ್ಲ. ಬಾಡಿಗೆಯನ್ನು ಚೀಲಕ್ಕೆ ಹಂಗಾಮಿಗೆ ಇಷ್ಟೆಂದು ನಿಗದಿ ಮಾಡಿದ ಕಡೆ ಐದು ತಿಂಗಳಿಗೆ ಹೊರತೆಗೆದರೂ ಹನ್ನೆರಡು ತಿಂಗಳಿಗೆ ತೆಗೆದರೂ ಇಟ್ಟವನಿಗೆ ಅದೇ ಮೊತ್ತ. ಬೇಗ ತೆಗೆಯಲು ಅವನಿಗೆ ಕಾರಣವೇ ಇಲ್ಲ. ತಿಂಗಳ ಲೆಕ್ಕದಲ್ಲಿ ಬಾಡಿಗೆ ಹಾಕಿದರೆ ವಿದ್ಯುತ್ ಉಳಿಯುತ್ತದೆ ಎಂಬುದು ಅರ್ಥಶಾಸ್ತ್ರದ ಸುಲಭ ಉತ್ತರ. ಅದನ್ನು ನಾನು ಒಪ್ಪಲಾರೆ, ಕನಿಷ್ಠ ಬೆಳೆಗಾರನ ಚೀಲದ ಮಟ್ಟಿಗೆ. ಧಾರಣೆ ಬಿದ್ದಾಗ ಕಾಯುವ ಸಾಮರ್ಥ್ಯವೇ ಅವನಿಗಿರುವ ಒಂದೇ ಬಲ. ಅದಕ್ಕೆ ತಿಂಗಳು ತಿಂಗಳೂ ಬೆಲೆ ಕಟ್ಟಿದರೆ ಮಾರ್ಚಿನಲ್ಲೇ ಸಿಕ್ಕ ಬೆಲೆಗೆ ಮಾರಿಬಿಡು ಎಂದು ಹೇಳಿದಂತೆ. ತಿಂಗಳ ಬಾಡಿಗೆಯನ್ನು ದೊಡ್ಡ ಪ್ರಮಾಣದಲ್ಲಿ ಕೊಂಡು ತುಂಬಿಡುವ ವರ್ತಕರ ಲಾಟುಗಳಿಗೆ ಅನ್ವಯಿಸಿ, ಸ್ವಂತ ಹೊಲದ ಚೀಲ ಇಟ್ಟವರಿಗೆ ಹಂಗಾಮಿನ ಬಾಡಿಗೆಯನ್ನೇ ಉಳಿಸಬಹುದು. ಚೀಲ ಇಡುವಾಗ ಕೊಡುವ ರಸೀದಿಯಲ್ಲಿ ಇಟ್ಟವರು ಬೆಳೆಗಾರರೋ ವರ್ತಕರೋ ಎಂಬುದನ್ನೂ, ಹೊರತೆಗೆಯುವಾಗ ಚೀಲ ಒಳಗಿದ್ದ ತಿಂಗಳುಗಳನ್ನೂ, ಆ ಕೊಠಡಿಯ ಮೀಟರ್ ತೋರಿಸಿದ ಯೂನಿಟ್ಟನ್ನೂ ಬರೆಯುವ ವ್ಯವಸ್ಥೆ ಮೊದಲು ಆಗಬೇಕು. ಇದಕ್ಕೆ ಪ್ರತಿ ಕೊಠಡಿಗೂ ಒಂದು ಪ್ರತ್ಯೇಕ ಸಬ್‌ಮೀಟರ್ ಬೇಕು, ಮುಂದಿನ ಹಂಗಾಮಿನ ಆವಕ ಆರಂಭವಾಗುವ ಡಿಸೆಂಬರಿನೊಳಗೆ ಅದನ್ನು ಕೂರಿಸಲು ಸಮಯವಿದೆ.